ಅಟ್ಟ ನೋಡುವವರ ಕೈ

2022ರ ಜೂನ್ ತಿಂಗಳಲ್ಲಿ ನಾನು ತಿಪಟೂರಿನಲ್ಲಿ ಒಂದು ಸೇವಾಸಂಸ್ಥೆ ನಡೆಸುತ್ತಿದ್ದ ಆಪ್ತಸಲಹಾ ಕೇಂದ್ರಕ್ಕೆ ಹಿರಿಯ ಕೌನ್ಸೆಲರ್ ಆಗಿ ಸೇರಿದೆ. ಅದಕ್ಕೆ ಮೊದಲು ಹನ್ನೆರಡು ವರ್ಷ ಬೇರೆ ಊರುಗಳಲ್ಲಿ ಇದೇ ಕೆಲಸ ಮಾಡಿದ್ದೆ. ಕೇಂದ್ರವಿದ್ದದ್ದು ಹಳೆಯ ಕೊಬ್ಬರಿ ಗೋದಾಮೊಂದರ ಮಹಡಿಯಲ್ಲಿ. ಎರಡು ಕೋಣೆ, ಹೊರಗೆ ಕಾಯುವವರಿಗೊಂದು ಬೆಂಚು, ಒಂದು ಕಬ್ಬಿಣದ ಬೀರು. ಬೀರುವಿನಿಂದ ಯಾವ ಫೈಲ್ ತೆಗೆದರೂ ಕೊಬ್ಬರಿಯ ವಾಸನೆ ಬರುತ್ತಿತ್ತು.

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳ ವಿದ್ಯಾರ್ಥಿನಿ. ಒಂದೇ ವಿಷಯದ ಪರವಾಗಿ ಹತ್ತು ನಿಮಿಷ, ವಿರುದ್ಧವಾಗಿ ಹತ್ತು ನಿಮಿಷ ಮಾತನಾಡಿ ಎರಡೂ ಸಲ ಚಪ್ಪಾಳೆ ಗಿಟ್ಟಿಸಿದವಳು. ಆ ವಯಸ್ಸಿನಲ್ಲಿ ಮನಸ್ಸಿಗೆ ಅಂಟಿಕೊಂಡ ಒಂದು ನಂಬಿಕೆಯನ್ನು ನಾನು ವೃತ್ತಿಗೂ ತಂದಿದ್ದೆ: ಮನುಷ್ಯ ತಪ್ಪು ಮಾಡುವುದು ತಿಳಿಯದೆ, ಸಾಕ್ಷ್ಯವನ್ನು ಅವನ ಕಣ್ಣೆದುರಿಗೆ ಇಟ್ಟರೆ ಅವನು ತಿದ್ದಿಕೊಳ್ಳುತ್ತಾನೆ. ಸಮಾಜ ಬದಲಾಗುವುದೂ ಹೀಗೆಯೇ, ಒಬ್ಬೊಬ್ಬರನ್ನೇ ಒಪ್ಪಿಸುತ್ತ ಹೋದರೆ, ಎಂದು ನಾನು ಅನೇಕ ವೇದಿಕೆಗಳಲ್ಲಿ ಹೇಳಿದ್ದೇನೆ. ಈ ನಂಬಿಕೆಗೆ ಬೆಲೆ ತೆತ್ತವರು ಬೇರೆಯವರು. ಅವರ ಹೆಸರುಗಳನ್ನು ಇಲ್ಲಿ ಬದಲಿಸಿದ್ದೇನೆ.

2023ರ ಜನವರಿಯಲ್ಲಿ ಜಯಮ್ಮ ಎಂಬುವರು ಕೇಂದ್ರಕ್ಕೆ ಬಂದರು. ನಲವತ್ತರ ಆಸುಪಾಸಿನ ಹೆಂಗಸು. ನೊಣವಿನಕೆರೆಯ ಕಡೆಯ ಒಂದು ಹಳ್ಳಿಯವರು, ಅಲ್ಲಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು. ಕೈಯಲ್ಲಿ ಹತ್ತು ಕೆ.ಜಿ. ಅಕ್ಕಿಯ ಚೀಲವಿತ್ತು. ನಾನು ಕುರ್ಚಿ ತೋರಿಸಿ, ಏನು ತೊಂದರೆ ಎಂದು ಕೇಳಿದೆ.

"ನಮ್ಮ ಯಜಮಾನ್ರು ಕುಡಿಯಲ್ಲ ಮೇಡಂ. ಇಸ್ಪೀಟು ಮುಟ್ಟಲ್ಲ. ಒಂದು ಬೀಡಿ ಸೈತ ಸೇದಲ್ಲ," ಎಂದರು. ಚೀಲದ ಬಾಯಿ ಬಿಚ್ಚುತ್ತ, "ಪ್ಯಾಕೆಟ್ ಹರೀತಾರೆ," ಎಂದರು.

ಅಕ್ಕಿಯ ಚೀಲವನ್ನು ಮೇಜಿನ ಮೇಲೆ ಬಗ್ಗಿಸಿದರು. ಒಳಗಿಂದ ಬಂದದ್ದು ಹರಿದ, ಮಿರಮಿರ ಮಿಂಚುವ ಖಾಲಿ ಹೊದಿಕೆಗಳು. ಮೇಜು ತುಂಬಿ ನೆಲಕ್ಕೂ ಬಿದ್ದವು.

"ಇವು ಒಂದೇ ತಿಂಗಳದ್ದು. ಒಲೆಗೆ ಹಾಕಿದ್ರೆ ಗಬ್ಬು ನಾರುತ್ತೆ, ಅದಕ್ಕೇ ಮಡಗಿದ್ದೆ."

ಅವು ಟ್ರೇಡಿಂಗ್ ಕಾರ್ಡುಗಳ ಹೊದಿಕೆಗಳು. ಕ್ರಿಕೆಟ್ ಆಟಗಾರರ ಚಿತ್ರವಿರುವ ಈ ಕಾರ್ಡುಗಳು ಐದೈದರಂತೆ ಮುಚ್ಚಿದ ಪ್ಯಾಕೆಟ್ಟಿನಲ್ಲಿ ಬರುತ್ತವೆ. ಒಳಗೆ ಯಾವ ಕಾರ್ಡಿದೆ ಎಂಬುದು ಹರಿಯುವ ತನಕ ಕಾಣದು. ಬಹುಪಾಲು ಸಾಧಾರಣ ಕಾರ್ಡುಗಳು, ಕೆಲವು ಬೆಳ್ಳಿಬಣ್ಣದವು, ಅಪರೂಪಕ್ಕೊಂದು ಚಿನ್ನದ ಅಂಚಿನದು. ಚಿನ್ನದ ಅಂಚಿನ ಕಾರ್ಡನ್ನು ಕೊಳ್ಳುವವರು, ಮಾರುವವರು ಫೋನಿನ ಗುಂಪುಗಳಲ್ಲಿ ಇದ್ದಾರೆ. ಜಯಮ್ಮನವರ ಗಂಡ ಮೊದಲು ಅಂಗಡಿಯಲ್ಲಿ ಬಿಡಿ ಪ್ಯಾಕೆಟ್ ಕೊಳ್ಳುತ್ತಿದ್ದರು. ಈಗ ಫೋನಿನಲ್ಲಿ ಇಡೀ ಬಾಕ್ಸುಗಳನ್ನೇ ತರಿಸುತ್ತಿದ್ದರು. ಆರು ತಿಂಗಳಲ್ಲಿ ಬೈಕು ಹೋಗಿತ್ತು, ಜಯಮ್ಮನವರ ಓಲೆ ಹೋಗಿತ್ತು. ಆಸೆ ಒಂದು ಮಿತಿ ದಾಟಿ, ಬೇಡವೆಂದು ತನಗೇ ಅನ್ನಿಸಿದರೂ ಕೊಳ್ಳದೆ ಇರಲಾಗದ ಈ ಸ್ಥಿತಿಯನ್ನು ನಮ್ಮ ವೃತ್ತಿಯಲ್ಲಿ ಕಂಪಲ್ಸಿವ್ ಬೈಯಿಂಗ್ ಎನ್ನುತ್ತೇವೆ.

"ಅವರು ಏನು ಕೆಲಸ ಮಾಡ್ತಾರೆ?"

"ಅಟ್ಟ ನೋಡ್ತಾರೆ."

ಈ ಕೆಲಸವನ್ನು ಹೊರಗಿನವರಿಗೆ ಸ್ವಲ್ಪ ವಿವರಿಸಬೇಕು. ನಮ್ಮ ಸೀಮೆಯ ಉಂಡೆ ಕೊಬ್ಬರಿ, ಕಾಯಿ ಮರದಿಂದ ಇಳಿದ ಕೂಡಲೇ ಆಗುವುದಿಲ್ಲ. ಬಲಿತ ಕಾಯಿಯನ್ನು ಸಿಪ್ಪೆಯ ಸಮೇತ ಅಡುಗೆಮನೆಯ ಮೇಲಿನ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಡಬೇಕು. ಒಲೆಯ ಬಿಸಿಗೆ ಒಳಗಿನ ನೀರು ನಿಧಾನವಾಗಿ ಹಿಂಗಿ, ತಿರುಳು ಕರಟದಿಂದ ಬಿಡಿಸಿಕೊಂಡು ಗಿಟಕಾಗುತ್ತದೆ. ಆಗ ಕಾಯನ್ನು ಅಲ್ಲಾಡಿಸಿದರೆ ಗಿಟಕು ಒಳಗೆ ಉರುಳುವ ಸದ್ದು ಕೇಳುತ್ತದೆ. ಅಟ್ಟ ನೋಡುವವರು ಮಂಡಿಯ ವ್ಯಾಪಾರಿಯ ಪರವಾಗಿ ರೈತರ ಮನೆಗೆ ಹೋಗಿ, ಅಟ್ಟ ಹತ್ತಿ, ಅಲ್ಲೊಂದು ಇಲ್ಲೊಂದು ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಂದನ್ನೂ ಒಡೆಯದೆ ನೂರಕ್ಕೆ ಎಷ್ಟು ಒಳ್ಳೆಯ ಗಿಟಕು, ಎಷ್ಟು ಕೆಟ್ಟು ಕೌಟಾದದ್ದು ಎಂದು ಹೇಳುತ್ತಾರೆ. ಅವರ ಮಾತಿನ ಮೇಲೆ ಇಡೀ ಅಟ್ಟ ಕೈ ಬದಲಾಗುತ್ತದೆ. ಜಯಮ್ಮನವರ ಗಂಡ ಗಂಗಾಧರಯ್ಯನವರು ಇಪ್ಪತ್ತೆರಡು ವರ್ಷದಿಂದ ಒಂದೇ ಮಂಡಿಗೆ ಈ ಕೆಲಸ ಮಾಡುತ್ತಿದ್ದರು. ಹುಳಿಯಾರಿನ ತನಕ ಅವರ ಕೈಯ ಹೆಸರಿತ್ತು.

ಮುಂದಿನ ವಾರ ಅವರೇ ಬಂದರು. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೃದುವಾದ ದನಿ. ಯಾವಾಗ ಶುರುವಾಯಿತು ಎಂದು ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಹೇಳಿದರು. ಅಮ್ಮಸಂದ್ರದ ಹತ್ತಿರ ಅಟ್ಟವೊಂದನ್ನು ನೋಡಿ ಬರುವಾಗ ಮಂಜಣ್ಣ ಎಂಬವರ ಬೇಕರಿಯಲ್ಲಿ ಟೀ ಕುಡಿಯಲು ನಿಂತಿದ್ದರಂತೆ. ಅಂಗಡಿಯ ಮುಂದೆ ಪ್ಯಾಕೆಟ್ಟುಗಳ ಸರ ತೂಗುತ್ತಿತ್ತು.

"ಮಂಜಣ್ಣ ತಮಾಸೆಗೆ ಅಂದ ಮೇಡಂ. 'ಏನ್ಲಾ ಗಂಗಣ್ಣ, ಊರೋರ ಅಟ್ಟ ಎಲ್ಲಾ ಅಲ್ಲಾಡ್ಸಿ ಕಣಿ ಹೇಳ್ತೀಯ. ಇದ್ರಾಗೆ ಚಿನ್ನದ ಅಂಚಿಂದು ಯಾವುದ್ರಲ್ಲೈತೆ ಹೇಳ್ಲಾ ನೋಡಾನ' ಅಂತ. ಅಲ್ಲಿದ್ದೋರೆಲ್ಲ ನಕ್ರು. ನಾನೂ ನಗ್ತಾನೇ ಕೈಗೆ ತಗಂಡೆ. ನಾಲ್ಕು ಅಲ್ಲಾಡಿಸ್ದೆ. ಐದ್ನೇದು ಕೈಗೆ ತಡೀತು."

"ತಡೀತು ಅಂದ್ರೆ?"

"ತಡೀತು ಕಣ್ರೀ. ಅದನ್ನ ಬಾಯಲ್ಲಿ ಹೇಳಕ್ಕಾಗಲ್ಲ."

ಹರಿದರೆ ಒಳಗೆ ಚಿನ್ನದ ಅಂಚಿನ ಕಾರ್ಡಿತ್ತು. ಟೀ ಕುಡಿಯುತ್ತಿದ್ದವರೆಲ್ಲ ಕೂಗಾಡಿ ಬೆನ್ನು ತಟ್ಟಿದರು. ಗಂಗಾಧರಯ್ಯನವರ ವ್ಯಾಧಿ ಹುಟ್ಟಿದ್ದು ಆ ಗಳಿಗೆಯಲ್ಲಿ. ಇಂಟರ್‌ಮಿಟೆಂಟ್ ರೀಇನ್‌ಫೋರ್ಸ್‌ಮೆಂಟ್ ಎಂದು ನಾವು ಕರೆಯುವುದು ಇದನ್ನೇ: ಬಹುಮಾನ ಪ್ರತಿಸಲ ಸಿಕ್ಕರೆ ಮನುಷ್ಯ ಬೇಸರಪಡುತ್ತಾನೆ, ಎಂದೂ ಸಿಗದಿದ್ದರೆ ಬಿಟ್ಟುಬಿಡುತ್ತಾನೆ, ಯಾವಾಗ ಸಿಗುವುದೋ ತಿಳಿಯದಂತೆ ಆಗೊಮ್ಮೆ ಈಗೊಮ್ಮೆ ಸಿಕ್ಕರೆ ಅವನಿಗೆ ಬಿಡಲಾಗುವುದಿಲ್ಲ. ಆದರೆ ಗಂಗಾಧರಯ್ಯನವರಲ್ಲಿ ಇನ್ನೊಂದು ಸಂಗತಿಯೂ ಸೇರಿತ್ತು. ಉಳಿದವರಿಗೆ ಇದು ಅದೃಷ್ಟ. ಅವರಿಗೆ ಇದು ವಿದ್ಯೆ. ಮುಚ್ಚಿದ ವಸ್ತುವಿನ ಒಳಗನ್ನು ಹೊರಗಿನಿಂದ ಅರಿಯುವುದು ಇಪ್ಪತ್ತೆರಡು ವರ್ಷ ಅವರಿಗೆ ಅನ್ನ ಹಾಕಿದ ವಿದ್ಯೆ. ಕೈ ತಪ್ಪಿತೆಂದು ಒಪ್ಪುವುದು ಅವರ ಪಾಲಿಗೆ ಒಂದು ಚಟವನ್ನು ಬಿಡುವಷ್ಟು ಸಣ್ಣ ವಿಷಯವಾಗಿರಲಿಲ್ಲ. ಇದನ್ನು ಇಂದು ಬರೆಯುತ್ತಿದ್ದೇನೆ. ಅಂದು ನನಗೆ ಹೊಳೆದಿರಲಿಲ್ಲ.

ಮೂರು ಭೇಟಿಗಳಲ್ಲಿ ರೂಢಿಯ ಕ್ರಮಗಳನ್ನೆಲ್ಲ ಮಾಡಿದೆವು. ಕೊಳ್ಳಬೇಕೆನಿಸಿದ ಹೊತ್ತನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು, ಬೇಕರಿಯಿರುವ ದಾರಿಯನ್ನು ತಪ್ಪಿಸುವುದು, ಸಂಜೆಯ ನಂತರ ಫೋನನ್ನು ಹೆಂಡತಿಯ ಕೈಗೆ ಕೊಡುವುದು. ಒಂಬತ್ತು ದಿನ ಅವರು ಎಲ್ಲವನ್ನೂ ಪಾಲಿಸಿದರು. ಹತ್ತನೆಯ ದಿನ ನಮ್ಮ ಕೇಂದ್ರದಿಂದ ಇಳಿದು ಹೋದವರು ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಆರು ಪ್ಯಾಕೆಟ್ ಕೊಂಡರು. ನಾನು ಎಷ್ಟೇ ವಾದಿಸಿದರೂ ಅವರು ತಲೆಯಾಡಿಸಿ, "ನೀವು ಹೇಳೋದು ಸರಿ ಮೇಡಂ," ಎನ್ನುತ್ತಿದ್ದರು. ಎದುರಾಳಿಯಿಲ್ಲದ ಚರ್ಚೆಯಂತೆ ಅದು ನನ್ನನ್ನು ಕೆರಳಿಸುತ್ತಿತ್ತು.

ಇದೇ ಅವಧಿಯಲ್ಲಿ ನಾನು ಮಂಜಣ್ಣನವರ ಬೇಕರಿಗೂ ಹೋಗಿ ಬಂದೆ. ಈ ಮಾರಾಟವನ್ನು ನಿಲ್ಲಿಸಿ, ಒಂದು ಸಂಸಾರ ಹಾಳಾಗುತ್ತಿದೆ ಎಂದು ಕೈಮುಗಿದು ಕೇಳಿದೆ. ಅವರು ಗಾಬರಿಗೊಂಡು, "ಅಯ್ಯೋ ಮೇಡಂ, ನಾನ್ ಏನೋ ರೇಗಿಸ್ದೆ. ಆವಪ್ಪ ಹಿಂಗ್ ಹಿಡ್ಕತಾನೆ ಅಂತ ಯಾರಿಗ್ಗೊತ್ತು?" ಎಂದು ನನ್ನೆದುರಿಗೇ ಸರವನ್ನು ಇಳಿಸಿ ಒಳಗಿಟ್ಟರು. ಹದಿನೈದು ದಿನಕ್ಕೆ ಅದು ಮತ್ತೆ ತೂಗುತ್ತಿತ್ತು. ತುರುವೇಕೆರೆಯ ಕಚೇರಿಯೊಂದಕ್ಕೆ ಮನವಿಯನ್ನೂ ಕೊಟ್ಟೆ. ಅಧಿಕಾರಿಯೊಬ್ಬರು ಪೂರ್ತಿ ಓದಿ, "ಇದನ್ನ ಜೂಜು ಅನ್ನೋಕೆ ಬರಲ್ಲ ಮೇಡಂ. ದುಡ್ಡು ಕೊಡ್ತಾನೆ, ಸಾಮಾನು ತಗೋತಾನೆ. ಏನಂತ ಹಿಡಿಯೋಣ?" ಎಂದು ವಿನಯವಾಗಿಯೇ ಹಿಂದಿರುಗಿಸಿದರು.

ಮೂರನೆಯ ಭೇಟಿಯ ಕೊನೆಯಲ್ಲಿ ಜಯಮ್ಮ ಗಂಡನ ಎದುರಿನಲ್ಲೇ ಒಂದು ಮಾತು ಹೇಳಿದರು. ತುರುವೇಕೆರೆಯ ಹತ್ತಿರದ ತವರಿನಲ್ಲಿ ಅವರ ಪಾಲಿಗೆ ಬಂದ ಮೂವತ್ತೆರಡು ತೆಂಗಿನ ಮರಗಳಿದ್ದವು. ಆ ಮರಗಳ ಎರಡು ಸಾವಿರ ಕಾಯಿ ಶ್ರಾವಣದಲ್ಲಿ ಮನೆಯ ಅಟ್ಟ ಏರಿದ್ದವು. ಆಷಾಢದಲ್ಲಿ ಇಳಿಸಬೇಕು.

"ಆ ಅಟ್ಟ ನಂದು. ಅದನ್ನ ಬಿಟ್ಟು ಇನ್ನೆಲ್ಲಾ ಹೋಗೈತೆ. ಅದಕ್ಕೆ ನೀವು ಕೈ ಹಾಕಿದ ದಿನ ನಾನು ಆ ಮನೇಲಿರಲ್ಲ. ಮೇಡಂ ಮುಂದೆ ಹೇಳ್ತಿದೀನಿ, ಕೇಳಿಸ್ಕಳಿ."

"ಅಟ್ಟಕ್ಕೆ ಕೈ ಹಾಕ್ತೀನಾ ನಾನು? ಅಟ್ಟ ನೋಡಿ ಹೊಟ್ಟೆ ಹೊರಕೊಳ್ಳೋನು ಕಣೇ," ಎಂದರು ಗಂಗಾಧರಯ್ಯ. ಅವರ ಕಣ್ಣಲ್ಲಿ ನೀರಿತ್ತು. ಆ ಮಾತನ್ನು ಅವರು ಮನಸಾರೆ ಹೇಳಿದರೆಂದೇ ನಾನು ಇಂದಿಗೂ ನಂಬುತ್ತೇನೆ.

ಸೌಮ್ಯವಾದ ಕ್ರಮಗಳು ಸಾಲವು ಎಂದು ನಾನು ಆಗ ತೀರ್ಮಾನಿಸಿದೆ. ಅವರ ನಂಬಿಕೆಯ ಬುಡಕ್ಕೇ ಪೆಟ್ಟು ಕೊಡಬೇಕಿತ್ತು. ಕಾರ್ಡುಗಳೆಲ್ಲ ಒಂದೇ ತೂಕದವು, ಪ್ಯಾಕೆಟ್ಟಿನಲ್ಲಿ ಅವು ಅಲುಗುವುದೂ ಇಲ್ಲ, ಕೈಗೆ ತಿಳಿಯುವಂಥದ್ದು ಅಲ್ಲಿ ಏನೂ ಇಲ್ಲ ಎಂಬುದನ್ನು ಮಾತಿನಲ್ಲಿ ಹೇಳಿ ಸಾಕಾಗಿತ್ತು. ಪ್ರಯೋಗ ಮಾಡಿ ತೋರಿಸುವುದೆಂದುಕೊಂಡೆ. ಫೆಬ್ರವರಿಯ ಒಂದು ಶನಿವಾರ ನನ್ನದೇ ದುಡ್ಡಿನಲ್ಲಿ ಇಪ್ಪತ್ತನಾಲ್ಕು ಪ್ಯಾಕೆಟ್ಟಿನ ಒಂದು ಮುಚ್ಚಿದ ಬಾಕ್ಸ್ ತರಿಸಿದೆ. ಒಳಗೆ ಒಂದು ಚಿನ್ನದ ಅಂಚಿನ ಕಾರ್ಡ್ ಖಚಿತ ಎಂದು ಬಾಕ್ಸಿನ ಮೇಲೆಯೇ ಬರೆದಿತ್ತು. ಗಂಗಾಧರಯ್ಯನವರು ಒಂದೇ ಒಂದು ಪ್ಯಾಕೆಟ್ ಆರಿಸಬೇಕು. ಅದರಲ್ಲಿ ಆ ಕಾರ್ಡ್ ಇಲ್ಲದಿದ್ದರೆ ಕೈಗೆ ತಿಳಿಯುವುದಿಲ್ಲವೆಂದು ಒಪ್ಪಿ ಈ ಅಭ್ಯಾಸವನ್ನು ಬಿಡಬೇಕು. ಇಷ್ಟನ್ನು ಕಾಗದದಲ್ಲಿ ಬರೆದು ಅವರ ಸಹಿ ಪಡೆದೆ. ಸಾಕ್ಷಿಯಾಗಿ ಜಯಮ್ಮ ಸಹಿ ಹಾಕಿದರು.

ಸಹಿ ಹಾಕುವಾಗ ಅವರು ಕೇಳಿದರು: "ಸಿಕ್ಕಿಬುಟ್ರೆ ಏನ್ಮಾಡ್ತೀರ ಮೇಡಂ?"

"ಇಪ್ಪತ್ತನಾಲ್ಕರಲ್ಲಿ ಒಂದು, ಜಯಮ್ಮ," ಎಂದು ನಾನು ನಕ್ಕೆ.

ಗಂಗಾಧರಯ್ಯನವರು ಪ್ಯಾಕೆಟ್ಟುಗಳನ್ನು ನಾಲ್ಕು ಸಾಲಾಗಿ ಜೋಡಿಸಿಕೊಂಡರು. ಕಣ್ಣು ಮುಚ್ಚಿ ಒಂದೊಂದನ್ನೇ ಬಲಗಿವಿಯ ಬಳಿಗೆ ಒಯ್ದು ಒಮ್ಮೆ ಅಲ್ಲಾಡಿಸಿ ಇಡುತ್ತ ಹೋದರು. ಅಟ್ಟದ ಮೇಲೆ ಅವರು ಕೆಲಸ ಮಾಡುವುದು ಹೇಗಿರಬಹುದು ಎಂಬುದನ್ನು ನಾನು ಅಂದು ಮೊದಲ ಬಾರಿಗೆ ಕಂಡೆ. ಒಂಬತ್ತನೆಯ ಪ್ಯಾಕೆಟ್ಟಿಗೆ ಕೈ ನಿಂತಿತು. ಅದನ್ನು ಪಕ್ಕಕ್ಕೆ ಇಟ್ಟರು. ಹದಿನೇಳನೆಯದಕ್ಕೂ ನಿಂತಿತು. ಎಲ್ಲವೂ ಮುಗಿದ ಮೇಲೆ ಆ ಎರಡನ್ನೂ ಮತ್ತೊಮ್ಮೆ ಅಲ್ಲಾಡಿಸಿದರು. ಬಹಳ ಹೊತ್ತು ಯೋಚಿಸಿ ಒಂಬತ್ತನೆಯದನ್ನು ಕೆಳಗಿಟ್ಟು ಹದಿನೇಳನೆಯದನ್ನು ನನ್ನ ಕೈಗೆ ಕೊಟ್ಟರು.

ಹರಿದೆ. ಐದೂ ಸಾಧಾರಣ ಕಾರ್ಡುಗಳು.

ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ವಾದವನ್ನು ಸಂಪೂರ್ಣಗೊಳಿಸುವ ಚಪಲ. ಉಳಿದ ಪ್ಯಾಕೆಟ್ಟುಗಳನ್ನೂ ಒಂದೊಂದಾಗಿ ಅವರ ಮುಂದೆ ಹರಿಯುತ್ತ ಹೋದೆ. ಚಿನ್ನದ ಅಂಚಿನ ಕಾರ್ಡ್ ಒಂಬತ್ತನೆಯದರಲ್ಲಿತ್ತು.

ಗಂಗಾಧರಯ್ಯನವರು ನನ್ನನ್ನು ನೋಡಲಿಲ್ಲ. ತಮ್ಮ ಬಲಗೈಯನ್ನು ನೋಡಿಕೊಂಡರು. "ಮೊದಲ್ನೇ ಸಲವೇ ಕೈ ಹೇಳಿತ್ತು," ಎಂದರು. "ಎರಡ್ನೇ ಸಲ ಅಲ್ಲಾಡಿಸಬಾರ್ದಿತ್ತು."

"ಸೋತಿರಿ ತಾನೇ?"

"ಸೋತೆ ಮೇಡಂ."

ಒಪ್ಪಂದದ ಕಾಗದಕ್ಕೆ ಆ ಕಾರ್ಡನ್ನು ಸೇರಿಸಿ ಫೈಲಿಗೆ ಸ್ಟೇಪ್ಲರ್ ಪಿನ್ ಒತ್ತಲು ಹೋದೆ. ಅವರು ಕುರ್ಚಿಯಿಂದ ಎದ್ದು, "ಪಿನ್ ಹೊಡೀಬೇಡಿ ಮೇಡಂ!" ಎಂದು ಕೂಗಿ ಕೈ ಚಾಚಿದರು. ಬಾವಿಯ ಕಟ್ಟೆಯಿಂದ ಜಾರುತ್ತಿರುವ ಮಗುವಿಗೆ ಹಾಗೆ ಕೈ ಚಾಚುತ್ತಾರೆ. ಅಷ್ಟರಲ್ಲಿ ಪಿನ್ ಇಳಿದಿತ್ತು. ಅವರ ಮುಖ ನೋಡಿ ನನಗೆ ಕನಿಕರವಾಯಿತು, ಸ್ವಲ್ಪ ನಗುವೂ ಬಂತು. ಅಂದಿನ ಟಿಪ್ಪಣಿಯಲ್ಲಿ ಹೀಗೆ ಬರೆದಿದ್ದೇನೆ: "ವ್ಯಕ್ತಿ ತನ್ನ ತಪ್ಪನ್ನು ಸಾಕ್ಷಿಯ ಸಮ್ಮುಖದಲ್ಲಿ ಒಪ್ಪಿಕೊಂಡಿದ್ದಾರೆ. ಎರಡನೇ ಸಲ ಅಲ್ಲಾಡಿಸಿದ್ದರ ಬಗ್ಗೆ ಒಂದು ನೆಪ ಹೇಳಿದರು."

ಗಂಡ ಮುಂದಾಗಿ ಮೆಟ್ಟಿಲಿಳಿದ ಮೇಲೆ ಜಯಮ್ಮ ಬಾಗಿಲಲ್ಲಿ ನಿಂತರು. "ಅದು ಸೋತ ಮಕ ಅಲ್ಲ ಮೇಡಂ," ಎಂದರು.

"ಸಹಿ ಹಾಕಿದ್ದಾರೆ ಜಯಮ್ಮ. ಕಣ್ಣಾರೆ ನೋಡಿದ್ದಾರೆ. ನೀವು ಧೈರ್ಯವಾಗಿರಿ."

ಮುಂದಿನ ಭೇಟಿಗೆ ಗಂಗಾಧರಯ್ಯನವರು ಬರಲಿಲ್ಲ. ಫೋನ್ ಮಾಡಿದರೆ, "ನಿಂತೈತೆ ಮೇಡಂ, ಚೆನ್ನಾಗಿದೀನಿ," ಎಂದರು. ಮನೆಗೆ ಬಾಕ್ಸುಗಳು ಬರುತ್ತಿಲ್ಲವೆಂದು ಜಯಮ್ಮನೂ ಹೇಳಿದರು. ಫೈಲಿನ ಮೇಲೆ ಸುಧಾರಣೆ ಎಂದು ಬರೆದೆ. ಅಷ್ಟೇ ಅಲ್ಲ, ಮಾರ್ಚಿನಲ್ಲಿ ತುಮಕೂರಿನಲ್ಲಿ ನಡೆದ ಕೌನ್ಸೆಲರುಗಳ ತರಬೇತಿಯೊಂದರಲ್ಲಿ ಈ ಪ್ರಯೋಗವನ್ನು ಇಪ್ಪತ್ತು ನಿಮಿಷ ವಿವರಿಸಿದೆ. ಸಾಕ್ಷ್ಯದ ಮುಂದೆ ಭ್ರಮೆ ನಿಲ್ಲದು ಎಂದು ಮುಗಿಸಿದೆ. ಚಪ್ಪಾಳೆ ಬಿತ್ತು.

ಏಪ್ರಿಲ್ ಎರಡನೆಯ ವಾರ ಅವರ ಊರಿಗೆ ಹೋದೆ. ಪ್ರಕರಣ ಮುಗಿಸುವ ಮುನ್ನ ಒಮ್ಮೆ ಮನೆಗೆ ಹೋಗಿ ಬರುವುದು ನಮ್ಮ ಕ್ರಮ. ಬೇಸಿಗೆ ರಜೆಯಾದ್ದರಿಂದ ಜಯಮ್ಮ ಮನೆಯಲ್ಲಿದ್ದರು. ಗಂಗಾಧರಯ್ಯನವರೂ ಇದ್ದರು, ಸ್ವಲ್ಪ ಇಳಿದಂತೆ ಕಂಡರು. ಎಳನೀರು ಕೊಟ್ಟರು, ಮಾತು ನಡೆಯಿತು. ಅಡುಗೆಮನೆಯಲ್ಲಿ ಕುಳಿತಿದ್ದ ನನಗೆ ತಲೆಯ ಮೇಲಿನ ಅಟ್ಟದ ಅಂಚು ಕಾಣುತ್ತಿತ್ತು. ಅಲ್ಲಿ ಕಾಯಿಗಳನ್ನು ಒತ್ತಾಗಿ ಜೋಡಿಸಿತ್ತು, ಅವು ಹೊಗೆಗೆ ಕಪ್ಪಾಗಿದ್ದವು. ಇಷ್ಟು ದಿನ ಈ ಸೀಮೆಯಲ್ಲಿದ್ದೂ ನಾನು ಒಂದು ಅಟ್ಟವನ್ನೂ ಹತ್ತಿ ನೋಡಿಲ್ಲ ಎಂದೆ.

"ಏರಿಸಿದ ಅಟ್ಟನ ನಡುವೆ ಯಾರೂ ಹತ್ತಲ್ಲ ಮೇಡಂ," ಎಂದರು ಜಯಮ್ಮ. "ಇಳಿಸೋವರ್ಗೂ ನಾನೂ ಹತ್ತಲ್ಲ. ದಿನಾ ಇಲ್ಲಿಂದ್ಲೇ ನೋಡ್ತೀನಿ ಅಷ್ಟೇಯ." ಮತ್ತೆ ಅವರೇ ಉತ್ಸಾಹದಿಂದ, "ನೀವು ಅಂತ ಹೇಳಿ ಒಂದ್ ಸಲ ಹತ್ತಾನ ಬನ್ನಿ," ಎಂದು ಏಣಿ ತಂದು ಒರಗಿಸಿದರು.

"ಬ್ಯಾಡ ಕಣೇ. ಮೇಡಂಗೆ ಧೂಳು," ಎಂದರು ಗಂಗಾಧರಯ್ಯ.

"ಧೂಳಿಗೇನಾಗುತ್ತೆ ಬುಡಿ."

"ಏಣಿ ಸರಿ ಇಲ್ಲ ಕಣೇ, ಜಯಾ." ದನಿಯಲ್ಲಿ ಬದಲಾವಣೆಯಿತ್ತು. ಜಯಮ್ಮ ಒಂದು ಕ್ಷಣ ಗಂಡನನ್ನು ನೋಡಿದರು. ಆಮೇಲೆ ಏಣಿ ಹತ್ತಿದರು. ನಾನು ಹಿಂದೆ ಹತ್ತಿದೆ.

ಕೆಳಗಿನಿಂದ ಕಾಣುತ್ತಿದ್ದದ್ದು ಎರಡೇ ಸಾಲು ಕಾಯಿ. ಅದರ ಹಿಂದೆ ಕಾಯಿಗಳಿರಲಿಲ್ಲ. ಎರಡು ಸಾವಿರ ಕಾಯಿಯ ಜಾಗದಲ್ಲಿ ತೊಳೆದ ಗೋಣಿತಾಟು ಹಾಸಿತ್ತು. ಅದರ ಮೇಲೆ ಗೋಡೆಯಿಂದ ಗೋಡೆಗೆ ಕಾರ್ಡುಗಳು. ಒಂದೊಂದಕ್ಕೂ ಪ್ಲಾಸ್ಟಿಕ್ ಹೊದಿಕೆ, ಸಾಲು ತಪ್ಪದಂತೆ, ಒಳ್ಳೆಯ ಗಿಟಕನ್ನು ಬೇರೆ, ಸಾಧಾರಣವನ್ನು ಬೇರೆ ಮಾಡುವ ಹಾಗೆ ವಿಂಗಡಿಸಿ ಜೋಡಿಸಿತ್ತು. ಮನೆಯಲ್ಲಿ ಅತ್ಯಂತ ಒಣಗಿದ ಜಾಗ ಅಟ್ಟವೇ. ಹೊಗೆಗೆ ಹುಳು ಹಿಡಿಯುವುದಿಲ್ಲ. ಜಯಮ್ಮ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದ ಹೊತ್ತಿನಲ್ಲಿ ಗಂಗಾಧರಯ್ಯನವರು ಚೀಲ ಚೀಲವಾಗಿ ಕಾಯಿ ಇಳಿಸಿ, ಏಳು ಎಂಟು ತಿಂಗಳ ಅರೆಬರೆ ಕಾಯನ್ನು ಸಿಕ್ಕ ಬೆಲೆಗೆ ಮಾರಿದ್ದರು. ಬಾಕ್ಸುಗಳನ್ನು ಮನೆಗೆ ತರಿಸದೆ ಊರಾಚೆಯ ಪರಿಚಯದವರ ಅಂಗಡಿಗೆ ತರಿಸಿಕೊಂಡಿದ್ದರು. ಎಲ್ಲವೂ ಫೆಬ್ರವರಿಯ ಆ ಶನಿವಾರದ ಈಚೆಗೆ.

ಜಯಮ್ಮ ಒಂದು ಕಾರ್ಡನ್ನು ಎತ್ತಲು ಕೈ ನೀಡಿದರು.

"ಮುಟ್ಟಬ್ಯಾಡ ಕಣೇ!" ಕೆಳಗಿನಿಂದ ಗಂಗಾಧರಯ್ಯ ಗೋಗರೆದರು. "ಕೈ ಜಿಡ್ಡಿರ್ತದೆ. ಆಷಾಢದವರ್ಗೂ ಹಂಗೇ ಬುಡು. ಹನ್ನೊಂದ್ ತಿಂಗಳು ಮುಟ್ಟದೆ ಬುಟ್ರೆ ಬೆಲೆ ಬತ್ತದೆ. ಕಾಯಿಗಿಂತ ಜಾಸ್ತಿ ಬತ್ತದೆ. ನನ್ ಮಾತ್ ಕೇಳು, ಈಗ ನಾನು ಒಂದೇ ಸಲ ಅಲ್ಲಾಡ್ಸೋದು. ತಪ್ಪಾದ್ರೆ ಕೇಳು."

ಜಯಮ್ಮ ಕೈ ಹಿಂದಕ್ಕೆ ತೆಗೆದರು. ಮುಂದಿನ ಸಾಲಿನಿಂದ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ನನಗೂ ಕೇಳಿಸಿತು, ಒಳಗೆ ನೀರಿನ ಸದ್ದು.

"ಇವೂ ಇನ್ನೂ ಆಗಿಲ್ಲ ಮೇಡಂ," ಎಂದು ಅದನ್ನು ಇದ್ದಲ್ಲಿಯೇ ಇಟ್ಟರು. ಇಳಿದು ಬಂದು ಏಣಿಯನ್ನು ತಂದ ಜಾಗಕ್ಕೆ ಒಯ್ದು ಒರಗಿಸಿದರು. ಕೂಗಾಡಲಿಲ್ಲ, ಅಳಲಿಲ್ಲ. ನನ್ನನ್ನು ಬಸ್ಸಿನವರೆಗೆ ಕಳಿಸಲು ಬಂದಾಗ ಮಾತ್ರ ಕೇಳಿದರು: "ಅವತ್ತು ನೀವು ಗೆದ್ರಲ್ಲ ಮೇಡಂ, ಅದರಿಂದ ನಮಗೇನ್ ಆಯ್ತು?"

ಮರುದಿನ ಬೆಳಗಿನ ಬಸ್ಸಿಗೆ ಅವರು ತುರುವೇಕೆರೆಯ ಕಡೆಗೆ, ತಾಯಿಯ ಮನೆಗೆ ಹೋದರು. ಹೇಳಿದ ಮಾತಿನಂತೆ ನಡೆದುಕೊಂಡರು.

ನಾನು ಆಗಲೂ ಒಂದು ದಾರಿ ಉಳಿದಿದೆ ಎಂದುಕೊಂಡಿದ್ದೆ. ಕೆಲಸವಾದರೂ ಇದ್ದರೆ ಮನುಷ್ಯ ನಿಲ್ಲುತ್ತಾನೆ. ಗಂಗಾಧರಯ್ಯನವರ ಮೇಲೆ ಕಣ್ಣಿಡುವಂತೆ ಕೇಳಿಕೊಳ್ಳಲು ಮೇ ತಿಂಗಳಲ್ಲಿ ಅವರ ಮಂಡಿಗೆ ಹೋದೆ. ಮಂಡಿಯ ಯಜಮಾನರು ಹಿರಿಯರು. ನನಗೆ ಕುರ್ಚಿ ಹಾಕಿಸಿ, ತಾವು ಕೊಬ್ಬರಿ ಚೀಲದ ಮೇಲೆ ಕುಳಿತರು.

"ಹೋದ ವಾರವೇ ಬ್ಯಾಡ ಅಂದ್ಬುಟ್ಟೆ ಮೇಡಂ. ಹೊಟ್ಟೆ ಉರೀತದೆ ಹೇಳೋಕೆ. ಮೂರು ಅಟ್ಟ ಹೇಳ್ದ, ಮೂರೂ ಕೌಟು. ಇವನ್ ಮಾತ್ ನಂಬಿ ತಗಂಡು ತಲೆ ಮೇಲೆ ಕೈ ಹೊತ್ಕಂಡ್ ಕೂತಿದೀನಿ."

"ಕೈ ಹೋಯ್ತಾ ಅವರದ್ದು?"

"ಕೈ ಎಲ್ಲೋಗ್ತದೆ? ಮೊದ್ಲು ಒಂದೊಂದ್ ಕಾಯಿನ ಮೂರು ಮೂರು ಸಲ ಅಲ್ಲಾಡ್ಸೋನು. ಅನುಮಾನ ಇದ್ರೆ ಇಳಿದು ಬಂದು, ನೀರು ಕುಡಿದು, ತಿರುಗ ಹತ್ತೋನು. ಆ ಅನುಮಾನವೇ ಅವನ ಬಂಡವಾಳ ಮೇಡಂ. ಈಗ ಒಂದೇ ಸಲ. ಕೇಳಿದ್ರೆ, 'ಮೊದಲ್ನೇ ಸಲ ಕೈ ಹೇಳಿದ್ದೇ ಸರಿ, ಎರಡ್ನೇ ಸಲ ಅಲ್ಲಾಡಿಸಬಾರ್ದು' ಅಂತಾನೆ. ಯಾರ್ ಕಲಿಸಿದ್ರೋ ಕಾಣೆ."

ನಾನು ಟೀ ಲೋಟವನ್ನು ಕೆಳಗಿಟ್ಟೆ. ಯಾರು ಕಲಿಸಿದ್ದೆಂದು ಅವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಆಮೇಲೆ ನಾನು ಅವರನ್ನು ಊರ ಹೊರಗಿನ ಮನೋವೈದ್ಯರ ಬಳಿಗೆ ಎರಡು ಬಾರಿ ಕರೆದೊಯ್ದೆ. ಮಾತ್ರೆಗಳನ್ನು ಕೆಲವು ತಿಂಗಳು ನುಂಗಿದರು, ಬಿಟ್ಟರು. ಆಷಾಢ ಬಂದು ಹೋಯಿತು. ಅಟ್ಟದ ಕಾರ್ಡುಗಳಲ್ಲಿ ಕೆಲವನ್ನು ಕೊಳ್ಳುವವರು ಸಿಕ್ಕರು. ಆ ಹಣ ಹೊಸ ಬಾಕ್ಸುಗಳಿಗೆ ಹೋಯಿತು. ಜಯಮ್ಮ ತವರಿನಲ್ಲೇ ಇದ್ದಾರೆ. ಅವರ ಮರಗಳ ಕಾಯಿ ಈಗ ತಾಯಿಯ ಮನೆಯ ಅಟ್ಟ ಏರುತ್ತದೆ. ವಾರಕ್ಕೊಮ್ಮೆ ಏಣಿ ಹಾಕಿ ಹತ್ತಿ, ಹಿಂದಿನ ಸಾಲಿನ ತನಕ ಕೈಯಾಡಿಸಿ ಎಣಿಸಿ ಇಳಿಯುತ್ತಾರಂತೆ.

ಗಂಗಾಧರಯ್ಯನವರು ಕೊನೆಯ ಬಾರಿ ಕೇಂದ್ರಕ್ಕೆ ಬಂದದ್ದು ಮರುವರ್ಷದ ಮಳೆಗಾಲದಲ್ಲಿ. ಆಗ ಅವರು ನಾರಿನ ಕಾರ್ಖಾನೆಯೊಂದರಲ್ಲಿ ಸಿಪ್ಪೆ ಹೊರುವ ಕೆಲಸದಲ್ಲಿದ್ದರು. ಬಿಳಿ ಅಂಗಿಯಿರಲಿಲ್ಲ. ಜೇಬಿನಿಂದ ಮಿರುಗುವ ಹೊದಿಕೆಯ ತುದಿ ಇಣುಕುತ್ತಿತ್ತು; ಅದನ್ನು ಅಡಗಿಸುವ ಯತ್ನವನ್ನೂ ಅವರು ಮಾಡಲಿಲ್ಲ. ಕುಳಿತು, "ಅವತ್ತಿನ ಕಾರ್ಡು ಐತಾ ಮೇಡಂ?" ಎಂದು ಕೇಳಿದರು.

ಬೀರುವಿನಿಂದ ಫೈಲ್ ತೆಗೆದು ಪಿನ್ ಬಿಡಿಸಿ ಕೊಟ್ಟೆ. ಅವರು ಅದನ್ನು ಅಂಚಿನಲ್ಲಿ ಮಾತ್ರ ಹಿಡಿದು ಬೆಳಕಿಗೆ ಎತ್ತಿದರು. ಎರಡು ಸಣ್ಣ ತೂತು, ಸುತ್ತ ತುಕ್ಕಿನ ಕಲೆ. ಹೆಬ್ಬೆರಳಿನಿಂದ ತೂತನ್ನು ಸವರಿದರು.

"ಇದಕ್ಕೆ ಬೆಲೆ ಇಲ್ಲ ಮೇಡಂ, ತೂತಾಗೋಯ್ತು," ಎಂದು ಮೇಜಿನ ಮೇಲೆ ಇಟ್ಟರು. "ಒಂದು ಮಾತು ನಿಜ ಹೇಳಿ. ಅವತ್ತು ಒಂದೇ ಸಲ ಅಲ್ಲಾಡ್ಸಿ ಕೊಟ್ಟಿದ್ರೆ ನಾನೇ ಗೆಲ್ತಿದ್ದೆ ಅಲ್ವಾ?"

ಯಾವ ವಿಷಯವನ್ನು ಕೊಟ್ಟರೂ ಎರಡೂ ಕಡೆ ಮಾತನಾಡಬಲ್ಲೆನೆಂದುಕೊಂಡಿದ್ದವಳು ನಾನು. ಆ ಪ್ರಶ್ನೆಗೆ ನಿಜವಾದ ಉತ್ತರ ಒಂದೇ, "ಹೌದು." ಆ ಉತ್ತರವನ್ನು ಕೊಡುವ ಹಾಗಿರಲಿಲ್ಲ. ಸುಳ್ಳು ಹೇಳಿದ್ದರೆ ಅವರಿಗೆ ತಿಳಿಯುತ್ತಿತ್ತು. ನಾನು ಸುಮ್ಮನಿದ್ದೆ. ಅವರಿಗೆ ಬೇಕಾದ ಉತ್ತರ ಆ ಮೌನದಲ್ಲಿ ಸಿಕ್ಕಿತು. ಕೈಮುಗಿದು ಎದ್ದು ಹೋದರು. ಮತ್ತೆ ಬಂದಿಲ್ಲ.

ಈಗ ನನ್ನ ಮುಂದೆ ಕುಳಿತ ಯಾರಾದರೂ, "ನೀವು ಹೇಳೋದು ಸರಿ," ಎಂದಾಗ ನಾನು ಬರೆಯುವುದನ್ನು ನಿಲ್ಲಿಸಿ, "ನಿಮಗೆ ಏನು ಕೇಳಿಸಿತು?" ಎಂದು ಕೇಳುತ್ತೇನೆ. ಅವರು ಹೇಳಿದ ಮೇಲೆ ಇನ್ನೊಂದು ಸಲ ಕೇಳುತ್ತೇನೆ. ಅನುಮಾನವಿದ್ದರೆ ಮೂರನೆಯ ಸಲವೂ. ಈ ವೃತ್ತಿ ನನಗೆ ಕಲಿಸಿದ ಪಾಠ ಇಷ್ಟೇ. ಇದನ್ನು ಕಲಿಯುವ ಹೊತ್ತಿಗೆ, ಇಪ್ಪತ್ತೆರಡು ವರ್ಷ ಪ್ರತಿದಿನ ಹೀಗೆಯೇ ಕೆಲಸ ಮಾಡಿದ್ದ ಒಬ್ಬ ಮನುಷ್ಯ ಅದನ್ನು ನನ್ನಿಂದಾಗಿ ಮರೆತಿದ್ದರು.